ಕ್ಲಾರಿನೆಟ್ಟಿನವನಿಂದ ಸಿಂಥಸೈಜರ್ ಸಾಹೇಬರಿಗೆ

ಹಿರಿಯೂರು, ೧೯೭೮

ಬೊಂಬಾಯಿಯಿಂದ ಬಂದು ನಮ್ಮ ವಾದ್ಯಗೋಷ್ಠಿಯನ್ನು ಉದ್ಧರಿಸಿದ ಮಾನ್ಯ ಸಿಂಥಸೈಜರ್ ಸಾಹೇಬರೇ,

ತಮ್ಮ ಕೀಲಿಮಣೆಗೆ ನಮಸ್ಕರಿಸಿ, ತಿರುಪುಗಳ ಕ್ಷೇಮ ವಿಚಾರಿಸಿ, ಕ್ಲಾರಿನೆಟ್ ಊದುವ ಈರಬಸಪ್ಪ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಹೆಸರು ನಾಲಗೆಗೆ ಒಗ್ಗದ್ದರಿಂದ ಊರಿನವರು ತಮ್ಮನ್ನು ‘ಸಿಂತಾಮಣಿ’ ಎನ್ನುತ್ತಾರೆ, ದಯವಿಟ್ಟು ಕ್ಷಮಿಸಬೇಕು.

ಪಿಟೀಲು, ಕೊಳಲು, ಕ್ಲಾರಿನೆಟ್ಟುಗಳೆಲ್ಲ ತಮ್ಮೊಬ್ಬರ ಹೊಟ್ಟೆಯಲ್ಲೇ ಇವೆಯೆಂದು ತಿಳಿದ ಕೂಡಲೇ ಗೋಷ್ಠಿಯ ಯಜಮಾನರಾದ ಮಾರಪ್ಪನವರು ನನ್ನನ್ನು ಕರೆದು, “ಈರಬಸಪ್ಪ, ಇನ್ನು ನೀನು ಊದೋದು ಬ್ಯಾಡ. ಸೆಕೆಗೆ ಇದರ ಶ್ರುತಿ ಕೆಡ್ತೈತಂತೆ, ಪಕ್ಕದಾಗೆ ಕುಂತು ಗಾಳಿ ಬೀಸು” ಎಂದರು. ನನ್ನ ಬಾಯಿಗೆ ವಿಶ್ರಾಂತಿ ಕೊಟ್ಟು ಕೈಗೆ ಬೀಸಣಿಗೆ ಕೊಡಿಸಿದ ತಮ್ಮ ಔದಾರ್ಯವನ್ನು ನನ್ನ ಹೆಂಡತಿ ದಿನವೂ ಹೊಗಳುತ್ತಾಳೆ, ನಾನು ಊಟಕ್ಕೆ ಕುಳಿತಾಗ.

ಜವನಗೊಂಡನಹಳ್ಳಿಯಲ್ಲಿ ಕುರಿಗಾರ ಉಗ್ರಪ್ಪನವರ ಮಗಳು ಚಿತ್ತಮ್ಮನ ಮದುವೆಯಲ್ಲಿ ತಾವು ತೋರಿದ ಪ್ರತಿಭೆಯನ್ನಂತೂ ಬಣ್ಣಿಸಲಾರೆ. ನಮ್ಮ ಗಾಯಕಿ ವೀರಮ್ಮ ಹಾಡುತ್ತಿದ್ದಾಗ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಶುರುವಾಗಿ ಕರೆಂಟು ಕುಗ್ಗಿತು. ತಾವು ಮೆಲ್ಲನೆ ಶ್ರುತಿ ಇಳಿಸಿದಿರಿ. ತಮ್ಮ ಹಿಂದೆಯೇ ಇಳಿದ ಆ ತಾಯಿಯ ದನಿ ಕೊನೆಗೆ ಗಂಡಸಿನ ದನಿಯಾಯಿತು. ಗಾಬರಿಗೊಂಡ ಮಾರಪ್ಪನವರು ಯಾವುದೋ ತಿರುಪು ತಿರುಗಿಸಿದ್ದೇ ತಡ, ತಾವು “ಊ...” ಎಂದು ಥೇಟ್ ತೋಳದಂತೆ ಕೂಗಿದಿರಿ.

ಹಿತ್ತಲಿನ ರೊಪ್ಪದಲ್ಲಿದ್ದ ಕುರಿಗಳು ಬೇಲಿ ಮುರಿದು ಓಡಿದವು. ಹಸೆಯ ಮೇಲಿದ್ದ ಮದುಮಗ ಕಾಟಯ್ಯ ಬಾಸಿಂಗ ಕಿತ್ತಿಟ್ಟು ಅವುಗಳ ಹಿಂದೆ ಓಡಿದ. “ಲೇ, ಮುಹೂರ್ತ ಮೀರ್ತೈತೆ, ಬಾರೋ!” ಎಂದು ಉಗ್ರಪ್ಪ ಕೂಗಿದರೆ, “ಕುರಿ ಹೋದ್ರೆ ಮುಹೂರ್ತ ಇಟ್ಕಂಡು ಏನ್ ಮಾಡಾಣ ಮಾವ!” ಎಂಬ ಉತ್ತರ ಹೊಲದ ಕಡೆಯಿಂದ ಬಂತು.

ಒಂಟಿಯಾಗಿ ಕುಳಿತ ಹುಡುಗಿಯ ಕಣ್ಣು ತುಂಬಿತ್ತು. ವೀರಮ್ಮ ಮೈಕು ಬಿಟ್ಟು ಇಳಿದು, ಅವಳ ಪಕ್ಕ ಕುಳಿತು, “ಅಳಬ್ಯಾಡ ಕಣವ್ವ, ಕುರಿ ಬಿಡದೋನು ನಿನ್ನ ಬಿಡ್ತಾನಾ?” ಎಂದು ಸೋಬಾನೆ ಎತ್ತಿಕೊಂಡಳು. ಹೆಂಗಸರೆಲ್ಲ ದನಿಗೂಡಿಸಿದರು. ತಮ್ಮ ಅಪ್ಪಣೆಯಿಲ್ಲದೆ ನಾನೂ ಕ್ಲಾರಿನೆಟ್ ತೆಗೆದೆ. ಆ ಹೊತ್ತಿಗೆ ತಾವು ಹೊಗೆ ಬಿಡುತ್ತಿದ್ದಿರಿ. ಕೊನೆಗೂ ಕಾಟಯ್ಯ ಕಾಲು ಮುರಿದ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ಬಂದ. ಅದನ್ನು ಚಿತ್ತಮ್ಮನ ಮಡಿಲಿಗಿಟ್ಟು ತಾಳಿ ಕಟ್ಟಿದ. ಅವಳು ತಲೆ ತಗ್ಗಿಸಿದ್ದು ನಾಚಿಕೆಗೋ, ಮರಿಯ ಕಾಲು ನೋಡಲಿಕ್ಕೋ ತಿಳಿಯಲಿಲ್ಲ.

ಇಷ್ಟಾದ ಮೇಲೆ ತಮಗೆ ಮುಖಭಂಗವಾಗಿರಬಹುದೆಂದು ಸಂತೈಸಲು ಬಂದರೆ, ತಾವು ರಿಪೇರಿಯಾಗಿ ಇನ್ನೂ ಪ್ರಸಿದ್ಧರಾಗಿದ್ದೀರಿ! “ತೋಳ ಕೂಗೋ ಪೆಟ್ಟಿಗೆ ತರ್ರಿ” ಎಂದು ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ಕರೆಯೋಲೆಗಳು ಬರುತ್ತಿವೆ. ಆದ್ದರಿಂದ ವೀರಮ್ಮನೂ ನಾನೂ ತಮ್ಮ ದಾರಿಯಿಂದ ಸರಿದು, ಬರೀ ಉಸಿರಿನ ಮೇಲೆ ನಡೆಯುವ ಸಣ್ಣ ಮೇಳವೊಂದನ್ನು ಕಟ್ಟಿಕೊಂಡಿದ್ದೇವೆ. ತಮ್ಮಲ್ಲಿ ಎರಡೇ ಪ್ರಾರ್ಥನೆ: ಒಮ್ಮೆಯಾದರೂ ಏದುಸಿರು ಬಿಡಬೇಕು, ಮತ್ತು ಅಳುವ ಮದುಮಗಳ ಪಕ್ಕ ತಾವಾಗಿಯೇ ಎದ್ದು ಹೋಗಿ ಕೂರಬೇಕು.

ಕರೆಂಟಿಲ್ಲದಾಗಲೂ ತಮ್ಮ ವಿಶ್ವಾಸಿಯೇ ಆದ,
ಈರಬಸಪ್ಪ

ತಾ.ಕ.: ಚಪ್ಪಾಳೆಯ ಸದ್ದಿಗೂ ಒಂದು ಗುಂಡಿ ಕೂರಿಸಿಕೊಡಿ ಎಂದು ಮಾರಪ್ಪನವರು ಬೊಂಬಾಯಿಗೆ ಬರೆದಿದ್ದಾರಂತೆ. ಅದೊಂದು ಬಂದುಬಿಟ್ಟರೆ ತಮಗೆ ಕೇಳುಗರ ಕಾಟವೂ ತಪ್ಪುತ್ತದೆ.