ಹಳದಿ ಟಗರಿನ ಡಬ್ಬಿ

ಎಲ್ಲ ಕೆಟ್ಟದ್ದು ಒಂದು ಚೊಂಬು ಹಳದಿ ಬಣ್ಣದಿಂದ.

ರಬಾಳೆಯಲ್ಲಿ, ದುಡಿಯಲು ಬಂದ ಕನ್ನಡಿಗರ ಗಲ್ಲಿಯ ಪಕ್ಕ, ದನಕುರಿಗಳ ಆಹಾರ ಮಾಡುವ ಕಂಪನಿಯೊಂದಿತ್ತು. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಎರಡು ಟಗರು. ಒಂದಕ್ಕೆ ಬರೀ ಒಣಹುಲ್ಲು, ಇನ್ನೊಂದಕ್ಕೆ ಹುಲ್ಲಿನ ಜೊತೆ ಕಂಪನಿಯ ಹೊಸ ಗುಳಿಗೆ. ಎರಡರ ಹೊಟ್ಟೆಗೂ ಒಂದೊಂದು ರಬ್ಬರ್ ಚೀಲ ಕಟ್ಟಿ, ಉಚ್ಚೆಯೆಲ್ಲ ಡಬ್ಬಿಗೆ ಇಳಿಯುವಂತೆ ಮಾಡಿದ್ದರು. ಡಬ್ಬಿ ಕಾಯುವವನು ಯಾದಗಿರಿ ಕಡೆಯ ಮಾಪಣ್ಣ. ಕಸ ಗುಡಿಸುವವಳು ಅವನ ಹೆಂಡತಿ ಮರಗಮ್ಮ. ಬರೀ ಹುಲ್ಲು ತಿನ್ನುವುದು ಯಾವುದೆಂದು ಗೊತ್ತಾಗಲಿ ಅಂತ ಕಂಪನಿಯ ಪಶುವೈದ್ಯ, ಉಡುಪಿ ಕಡೆಯ ವಸಂತಕುಮಾರ ಡಾಕ್ಟರು ಅದರ ಹಣೆಗೂ ಬೆನ್ನಿಗೂ ಹಳದಿ ಬಳಿಸಿದ್ದರು.

“ತಿಂದದ್ದು ಮೈಗೆ ಎಷ್ಟು ಹತ್ತಿತು ಅಂತ ಮೂತ್ರವೇ ಹೇಳ್ತದೆ ಮಾಪಣ್ಣ. ಗುಳಿಗೆಯ ಟಗರು ಗೆದ್ದರೆ ನಿನ್ನನ್ನು ಪರ್ಮನೆಂಟ್ ಮಾಡಿಸುವುದು ನನ್ನ ಜವಾಬ್ದಾರಿ, ಆಯ್ತಾ?”

ತುರ್ಭೆಯ ಮಾರ್ಕೆಟಿನಲ್ಲಿ ಆರು ವರ್ಷ ಮೂಟೆ ಹೊತ್ತು ಸೊಂಟ ಕಳೆದುಕೊಂಡಿದ್ದ ಮಾಪಣ್ಣ, ಆ ಡಬ್ಬಿಗಳನ್ನು ಗುಡಿಯ ಹುಂಡಿಯ ಹಾಗೆ ಕಾದ.

ಹತ್ತನೆಯ ದಿನ ಪರೀಕ್ಷೆ. ತುಂಬಿದ ಡಬ್ಬಿಗಳು ಮುಚ್ಚಳ ಹಾಕಿಸಿಕೊಂಡು ಆಯಾ ಟಗರಿನ ಮುಂದೆ ಕೂತಿದ್ದವು. ಮರಗಮ್ಮ ಹಳದಿ ಟಗರಿನ ಕಾಲಡಿ ಗುಡಿಸಿ ಆಗಲೇ ಮನೆಗೆ ಹೋಗಿದ್ದಳು. ಮಾಪಣ್ಣ ನಳದ ನೀರು ಹಿಡಿದು ತಂದರೆ, ಪಕ್ಕದ ಝೋಪಡಿಯ ಸುಲೋಚನಾ ತಗಡಿನ ಸಂದಿಯಲ್ಲಿ ಕೈ ತೂರಿಸಿ ಹಳದಿ ಟಗರಿಗೆ ನೆನೆಸಿದ ಕಡಲೆ ತಿನ್ನಿಸುತ್ತಿದ್ದಾಳೆ!

“ಯಕ್ಕಾ! ಏನ್ ಮಾಡ್ಲಿಕತ್ತೀದಿ?”

“ಒದರಬ್ಯಾಡೋ. ದುರ್ಗವ್ವಗ ಬಿಟ್ಟ ಟಗರಿಗಿ ಮನಿಗೊಂದು ತುತ್ತು ಹಾಕಬೇಕಿಲ್ಲೇನು? ಹಣಿಮ್ಯಾಲ ದೇವಿ ಅರಿಶಿಣ, ಭಂಡಾರ ಅದಲ್ಲ!”

“ಅದು ಭಂಡಾರ ಅಲ್ಲಬೇ, ಪೇಂಟ್!”

“ಬಾಯಿ ತೊಳ್ಕೊ ಮೊದ್ಲು. ಹತ್ತು ದಿನ ಆತು, ನೀ ನೀರಿಗಿ ಹೋದಾಗೆಲ್ಲ ಇಡೀ ಗಲ್ಲಿ ಹಾಕ್ಲಿಕತ್ತೀವಿ. ನನ್ನ ಗಂಡ ಮಾರ್ಕೆಟಿನಿಂದ ಹೂಕೋಸಿನ ಎಲಿ ತರ್ತಾನ. ಕ್ಯಾಂಟೀನಿನ ದೇಜಪ್ಪಣ್ಣ ಇಡ್ಲಿ ಕಳಸ್ತಾನ. ಬಾಜೂ ಟಗರಿನ ಬುಟ್ಟ್ಯಾಗಿನ ಗುಳಗಿನೂ ಇದಕ್ಕೇ ಹಾಕೀವಿ. ಭಂಡಾರ ಇಲ್ಲದ್ದಕ್ಕ ಯಾಕ ಬೇಕು?”

ಮಾಪಣ್ಣನ ಕೈಯಿಂದ ಕೊಡ ಜಾರಿತು. ಹಳದಿ ಟಗರು ಸಾಹುಕಾರನ ಅಳಿಯನ ಹಾಗೆ ತೇಗಿತು. ಡಾಕ್ಟರಿಗೆ ಇದು ಕಂಡಿರಲಿಲ್ಲ. ಅವರು ಟಗರು ನೋಡುವವರಲ್ಲ, ಡಬ್ಬಿ ನೋಡುವವರು.

ಸುಲೋಚನಾಳನ್ನು ಓಡಿಸಿ ಮಾಪಣ್ಣ ತಲೆ ಹಿಡಿದುಕೊಂಡು ಕೂತ. ಮೂತ್ರ ಚಾಡಿ ಹೇಳಿದರೆ ಮತ್ತೆ ಮೂಟೆಯೇ ಗತಿ. ಆಮೇಲೆ ಹೊಳೆಯಿತು: ಡಬ್ಬಿ ಎರಡೂ ಒಂದೇ ಥರ. ಆಚೀಚೆ ನೋಡಿ, ಹಳದಿಯ ಮುಂದಿನದನ್ನು ಗುಳಿಗೆಯದರ ಮುಂದೆ, ಗುಳಿಗೆಯದನ್ನು ಹಳದಿಯ ಮುಂದೆ ಇಟ್ಟ.

ಬೆವರು ಒರೆಸಿಕೊಳ್ಳುವುದರೊಳಗೆ ಗಲ್ಲಿಗೆ ಗಲ್ಲಿಯೇ ಒಳಗೆ ನುಗ್ಗಿತು. ಕಾಯಿ, ಕರ್ಪೂರ, ಮುಂದೆ ಇಡ್ಲಿ ತಟ್ಟೆ ಹಿಡಿದ ದೇಜಪ್ಪ.

“ಯಾವತ್ತು ಕಡಿಯುವುದು ಮಾರಾಯ? ನಮಗೂ ಒಂದು ಪಾಲು ಉಂಟಲ್ಲ?”

ಅವರ ಬೆನ್ನಿಗೇ ಡಾಕ್ಟರು ಬಂದರು. “ಇದೆಂತ ಮಾಪಣ್ಣ?”

“ಪರೀಕ್ಷಾ ಪಾಸಾಗ್ಲಿ ಅಂತ ಪೂಜಾ ಸಾಹೇಬ್ರ...”

ಡಾಕ್ಟರ ಕಣ್ಣು ತುಂಬಿತು. ಅವರೂ ಕೈಮುಗಿದು, ಮಂಗಳಾರತಿ ತಗೊಂಡು, ಡಬ್ಬಿಗಳಿಗೆ ತಮ್ಮ ಕೈಯಾರೆ ಚೀಟಿ ಅಂಟಿಸಿ ಲ್ಯಾಬಿಗೆ ಒಯ್ದರು.

ಸಂಜೆ ತಿರುಗಿ ಬಂದಾಗ ಅವರ ಮುಖ ಸತ್ತವರ ಮಣ್ಣಿಗೆ ಹೋಗಿ ಬಂದವರ ಹಾಗಿತ್ತು.

“ಬರೀ ಹುಲ್ಲು ತಿಂದದ್ದು ಪೈಲ್ವಾನನ ಹಾಗೆ ಉಂಟು ಮಾಪಣ್ಣ. ಗುಳಿಗೆ ತಿಂದದ್ದು ಉಪವಾಸ ಬಿದ್ದ ಹಾಗೆ. ಗುಳಿಗೆಯಿಂದಲೇ ಕೆಟ್ಟದ್ದು ಅಂತ ಮಾಲೀಕರು ಎಲ್ಲ ಬಂದ್ ಮಾಡಿದ್ರು. ನಾಳೆಯಿಂದ ನೀನೂ ಬೇಡ, ನಾನೂ ಬೇಡ.”

ಮಾಪಣ್ಣ ಎರಡೂ ಟಗರಿನ ಮುಖ ನೋಡಿದ. ತಾನೇ ಕೈಯಾರೆ ಬದಲಿಸಿದ ಡಬ್ಬಿ ತಿರುಗಿ ನಿಜ ಹೇಳಿದ್ದು ಹೇಗೆ? ದುರ್ಗವ್ವನ ಮಹಿಮೆಯೇ ಇರಬೇಕು ಅಂತ ಗಲ್ಲಗಲ್ಲ ಬಡಿದುಕೊಳ್ಳುತ್ತಾ ಮನೆ ಸೇರಿದ.

ಮರಗಮ್ಮ ರೊಟ್ಟಿ ಬಡಿಯುತ್ತಿದ್ದಳು. “ಪರ್ಮನೆಂಟ್ ಆತೇನು?”

“ಎಲ್ಲಿದು! ಯಾರಿಗೂ ಕಾಣಧಾಂಗ ಡಬ್ಬಿ ಅದಲಬದಲಿ ಮಾಡಿಟ್ಟಿದ್ದೆ. ಆದ್ರೂ...”

ರೊಟ್ಟಿ ಬಡಿಯುವ ಸದ್ದು ನಿಂತಿತು.

“ನೀನೂ ಮಾಡ್ದೇನು?” ಅಂದಳು ಮರಗಮ್ಮ.