ಕಳ್ಳನಿಗೆ ತಕ್ಕ ಕೋವಿ

ಧೈರ್ಯವಂತರ ಬಗ್ಗೆ ನನಗೆ ಗೌರವವಿದೆ, ನಂಬಿಕೆ ಇಲ್ಲ. ಮುಂದೆ ಏನೇನಾಗಬಹುದು ಎಂಬ ಕಲ್ಪನೆಯೇ ಅವರಲ್ಲಿ ಬಹುಪಾಲು ಜನಕ್ಕೆ ಇರುವುದಿಲ್ಲ ಎಂದು ನನ್ನ ಅನುಮಾನ. ನನಗೆ ಆ ಕಲ್ಪನೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಅದಕ್ಕೆ ಸಂಬಳವೂ ಬರುತ್ತದೆ. ಆಕ್ಲೆಂಡಿನ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಕಟ್ಟಿದ್ದು ಎಲ್ಲೆಲ್ಲಿ ಕುಸಿಯಬಹುದು ಎಂದು ಹುಡುಕಿ ಹೇಳುವುದು ನನ್ನ ಉದ್ಯೋಗ. ಸಂಜೆ ಲ್ಯಾಪ್‌ಟಾಪ್ ಮುಚ್ಚಿಕೊಳ್ಳುತ್ತದೆ, ತಲೆ ಮುಚ್ಚಿಕೊಳ್ಳುವುದಿಲ್ಲ. ಒಲೆ ಆರಿಸಿದೆವೋ ಇಲ್ಲವೋ ಎಂದು ಮೋಟರ್‌ವೇಯಿಂದ ಕಾರು ತಿರುಗಿಸಿಕೊಂಡು ಬಂದವನು ನಾನು. ಆ ಒಲೆ ವಿದ್ಯುತ್ತಿನದು, ತಾನಾಗಿ ಆರುವಂಥದ್ದು ಎಂದು ನನ್ನ ಹೆಂಡತಿ ಶುಭಾ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು.

ಆಕ್ಲೆಂಡಿನ ಅಂಚಿನಲ್ಲಿರುವ ತಕಾನಿನಿಯ ಹೊಸ ಬಡಾವಣೆಯಲ್ಲಿ ನಾವು ಮನೆ ಕೊಂಡಾಗ ಮೈಸೂರಿನಿಂದ ಅಮ್ಮ ವಿಡಿಯೋದಲ್ಲಿ ಮೂಲೆಮೂಲೆಯನ್ನೂ ನೋಡಿ, ಎಲ್ಲ ಚೆನ್ನಾಗಿದೆ, ಕಿಟಕಿಗೆ ಸರಳು ಯಾವಾಗ ಹಾಕಿಸುತ್ತೀಯ ಎಂದು ಕೇಳಿದರು. ಅಲ್ಲಿಂದ ಶುರುವಾಯಿತು ನನ್ನ ಕಷ್ಟ. ಈ ದೇಶದಲ್ಲಿ ಕಿಟಕಿಗೆ ಸರಳಿಲ್ಲ. ಕಾಂಪೌಂಡ್ ಗೋಡೆಯಿಲ್ಲ, ಮುಂದುಗಡೆ ಸೊಂಟದೆತ್ತರದ ಬೇಲಿ ಇದ್ದರೆ ಹೆಚ್ಚು. ನಮ್ಮ ಕಡೆ ಗೋಡೆಯ ಮೇಲೆ ಗಾಜಿನ ಚೂರು ನೆಡುತ್ತಾರೆ, ಇಲ್ಲಿ ಗೋಡೆಯೇ ಗಾಜು. ಹಿತ್ತಿಲ ಕಡೆಗೆ ಒಂದು ದೊಡ್ಡ ಗಾಜಿನ ಜಾರುಬಾಗಿಲು, ಅದರಾಚೆ ಹುಲ್ಲು, ಹುಲ್ಲಿನಾಚೆ ಸಮಸ್ತ ಮಾನವಕುಲ. ಕಬ್ಬಿಣದ ಗ್ರಿಲ್ ಹಾಕಿಕೊಡುತ್ತೀರಾ ಎಂದು ಬಿಲ್ಡರನ್ನು ಕೇಳಿದೆ. ಒಳಗೆ ಏನು ಸಾಕಬೇಕೆಂದಿದ್ದೀರಿ ಎಂದು ಅವನು ಪ್ರೀತಿಯಿಂದಲೇ ವಿಚಾರಿಸಿದ. ಶುಭಾ ನಕ್ಕಳು. ನಾನೂ ನಕ್ಕೆ, ಆದರೆ ನನ್ನ ನಗುವಿನಲ್ಲಿ ಸತ್ವವಿರಲಿಲ್ಲ.

ಹಾಗೂ ಹೀಗೂ ಕಾಲ ಕಳೆಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಬೀದಿಯ ಕನ್ನಡದವರ ಮನೆಗೆ ಕಳ್ಳರು ನುಗ್ಗಿದರು. ರಾತ್ರಿಯೂ ಅಲ್ಲ, ಭಾನುವಾರ ಹಾಡಹಗಲು, ಮನೆಯವರೆಲ್ಲ ಯಾರದೋ ಮಗುವಿನ ನಾಮಕರಣಕ್ಕೆ ಹೋಗಿದ್ದಾಗ. ಟಿವಿ ಮುಟ್ಟಲಿಲ್ಲ, ಲ್ಯಾಪ್‌ಟಾಪ್ ಮುಟ್ಟಲಿಲ್ಲ. ನೇರ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬ, ಬೇಳೆ ಡಬ್ಬ, ರಾಗಿಹಿಟ್ಟಿನ ಡಬ್ಬ ಎಲ್ಲವನ್ನೂ ನೆಲಕ್ಕೆ ಸುರಿದು ಒಡವೆ ಆರಿಸಿಕೊಂಡು ಹೋಗಿದ್ದರು. ಶುಭಾ ಒಂದು ಪಾತ್ರೆ ಹುಳಿ ಮಾಡಿಕೊಂಡು ಅವರ ಮನೆಗೆ ಹೋಗಿ, ಆ ಹೆಂಗಸಿನ ಜೊತೆ ನೆಲದ ಮೇಲೆ ಕೂತು ಅಕ್ಕಿಯನ್ನೂ ಬೇಳೆಯನ್ನೂ ಬೇರೆ ಮಾಡಿಕೊಟ್ಟು ಬಂದಳು. ನಾನು ಮಾಡಿದ್ದು ಇಷ್ಟೇ: ಅವರ ಮನೆ ಬಾಗಿಲಲ್ಲಿ ನಿಂತು, ಕಳ್ಳರಿಗೆ ನಮ್ಮ ಅಡುಗೆಮನೆಯ ಗುಟ್ಟು ಗೊತ್ತಾಗಿಬಿಟ್ಟಿದೆಯಲ್ಲ ಎಂದು ಬೆವತೆ. ಮನೆಗೆ ಬಂದವನೇ ನಮ್ಮ ರಾಗಿಹಿಟ್ಟಿನಲ್ಲಿದ್ದ ಬಳೆಗಳನ್ನು ತೆಗೆದು ತೊಗರಿಬೇಳೆಗೆ ವರ್ಗಾಯಿಸಿದೆ.

ಒಡವೆ ಹೋದರೆ ಹೋಗಲಿ, ಅದು ಕೇವಲ ಒಡವೆ. ನಾನು ಹೆದರಿದ್ದು ಬೇರೆಯ ಕಾರಣಕ್ಕೆ. ಶುಭಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್, ಅವಳ ಪಾಳಿ ಯಾವಾಗ ಮುಗಿಯುತ್ತದೆಂದು ಅವಳಿಗೇ ಗೊತ್ತಿರುವುದಿಲ್ಲ. ನಾನು ಆಫೀಸಿಗೆ ಹೋದ ದಿನ, ಹೈಸ್ಕೂಲಿನಲ್ಲಿ ಓದುವ ಮಗಳು ತನ್ವಿ ತಾನೇ ಬೀಗ ತೆಗೆದುಕೊಂಡು ಒಳಗೆ ಬಂದು, ನಾವು ಬರುವ ತನಕ ಒಬ್ಬಳೇ ಇರುತ್ತಾಳೆ. ಆ ಗಾಜಿನ ಬಾಗಿಲು, ಆ ಮಗು, ಅಡುಗೆಮನೆಯಲ್ಲಿ ಡಬ್ಬ ಸುರಿಯುತ್ತಿರುವ ಒಬ್ಬ ಅಪರಿಚಿತ. ಈ ಚಿತ್ರ ಮೀಟಿಂಗಿನ ನಡುವೆ ಬರುತ್ತಿತ್ತು, ಊಟದ ನಡುವೆ ಬರುತ್ತಿತ್ತು. ತುಂಬಾ ಭಯವಾಗುತ್ತಿತ್ತು. ಇದರಲ್ಲಿ ತಮಾಷೆಯೇನೂ ಇಲ್ಲ. ಕೊನೆಗೆ ಒಂದು ಕೋವಿ ಕೊಳ್ಳುವುದೆಂದು ತೀರ್ಮಾನಿಸಿದೆ.

ದೀಪಾವಳಿಯ ಪಟಾಕಿಯನ್ನು ಊದುಬತ್ತಿಗೆ ಉದ್ದನೆಯ ಕಡ್ಡಿ ಕಟ್ಟಿ ಹಚ್ಚುತ್ತಿದ್ದವನು ಕೋವಿ ಕೊಳ್ಳುವುದೆಂದರೆ ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನೀವು ಅನ್ನಬಹುದು. ಅದಕ್ಕೇ ಬೆಳ್ಳಿಯಪ್ಪನನ್ನು ಹಿಡಿದೆ. ಬೆಳ್ಳಿಯಪ್ಪ ಕೊಡಗಿನವನು, ಸಿವಿಲ್ ಇಂಜಿನಿಯರು, ನಮ್ಮ ಬಡಾವಣೆಯ ಚರಂಡಿಗಳ ನಕ್ಷೆ ಕೂಡ ಅವನೇ ಮಾಡಿದ್ದು. ಇಲ್ಲಿ ಕೋವಿಯ ಲೈಸೆನ್ಸ್ ಇರುವ, ರಜೆಯಲ್ಲಿ ಈ ದೇಶದ ಸ್ನೇಹಿತರ ಜೊತೆ ಜಿಂಕೆ ಬೇಟೆಗೆ ಹೋಗುವ ನನ್ನ ಏಕೈಕ ಗೆಳೆಯ. ಅವನು ಮುಂದೆ, ನಾನು ಹಿಂದೆ, ಶನಿವಾರ ಬೆಳಿಗ್ಗೆ ಕೋವಿ ಅಂಗಡಿಗೆ ಹೋದೆವು. ಗೋಡೆಯ ತುಂಬ ಕೊಂಬುಗಳು, ಮೂಲೆಯಲ್ಲಿ ಗಂಬೂಟುಗಳು, ಚಡ್ಡಿ ಹಾಕಿಕೊಂಡ ಸಾಧು ಮುಖದ ಯಜಮಾನರು. ನಾನು ವೃತ್ತಿಧರ್ಮಕ್ಕೆ ಅನುಗುಣವಾಗಿ ತಯಾರಿ ಮಾಡಿಕೊಂಡು ಹೋಗಿದ್ದೆ. ಕೋವಿ ಹಗುರವಾಗಿರಬೇಕು, ನನಗೆ ಬೆನ್ನುನೋವಿದೆ. ಕಳ್ಳ ಓಡಿಹೋಗುವಷ್ಟು ಸದ್ದು ಮಾಡಬೇಕು, ಪಕ್ಕದ ಮನೆಯವರು ದೂರು ಕೊಡುವಷ್ಟು ಮಾಡಬಾರದು. ಯಾರಿಗೂ ತಗುಲಬಾರದು. ಮೊದಲ ಎರಡು ಷರತ್ತಿಗೆ ಯಜಮಾನರು ತಲೆಯಾಡಿಸಿದರು. ಮೂರನೆಯದಕ್ಕೆ ಬೆಳ್ಳಿಯಪ್ಪನ ಮುಖ ನೋಡಿದರು.

ಮೊಲಕ್ಕಾದರೆ ಇದು, ಬಾತುಕೋಳಿಗೆ ಇದು, ಜಿಂಕೆಗೆ ಅಲ್ಲಿರುವುದು ಎಂದು ಅವರು ಒಂದೊಂದಾಗಿ ತೋರಿಸಿ, ನಿಮಗೆ ಯಾವುದಕ್ಕೆ ಬೇಕು ಎಂದು ಕೇಳಿದರು. ಮನೆಗೆ ಬರುವ ಕಳ್ಳನಿಗೆ ಎಂದೆ. ಗಂಬೂಟು ಹಾಕಿ ನೋಡುತ್ತಿದ್ದವನೊಬ್ಬ ಒಂದೇ ಬೂಟಿನಲ್ಲಿ ನಿಂತುಬಿಟ್ಟ. ಯಜಮಾನರು ತೋರಿಸುತ್ತಿದ್ದ ಕೋವಿಯನ್ನು ಅದರ ಜಾಗಕ್ಕೆ ಇಟ್ಟು, ಬೀಗ ಹಾಕಿ, ಕೈ ಒರೆಸಿಕೊಂಡು, ಈ ದೇಶದಲ್ಲಿ ಆ ಕಾರಣಕ್ಕೆ ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ, ಒಳ್ಳೆಯ ಬೀಗದ ಅಂಗಡಿ ಮುಂದಿನ ತಿರುವಿನಲ್ಲಿದೆ ಎಂದು ಬಹಳ ಮೃದುವಾಗಿ ಹೇಳಿದರು. ಕಾರಿಗೆ ಬರುವ ತನಕ ಬೆಳ್ಳಿಯಪ್ಪ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಡೆದ.

ನನ್ನದೇನು ತಪ್ಪು ಹೇಳಿ. ಮೈಸೂರಿನಲ್ಲಿ ನಮ್ಮ ಸೋದರತ್ತೆಯ ಗಂಡ ಒಡವೆ ಅಂಗಡಿ ಇಟ್ಟಿದ್ದರು. ಅವರು ಕೋವಿಗೆ ಅರ್ಜಿ ಹಾಕಿದಾಗ ಪ್ರಾಣಭಯವಿದೆ ಎಂದು ಬರೆದರು, ಸಿಕ್ಕಿತು. ಇಲ್ಲಿ ಪ್ರಾಣಭಯವಿದೆ ಎಂದರೆ ಸಿಗುವುದಿಲ್ಲ. ಅಲ್ಲಿ ಹೆದರಿದವನಿಗೆ ಕೋವಿ, ಇಲ್ಲಿ ಹೆದರದವನಿಗೆ. ಹೆದರದವನಿಗೆ ಕೋವಿ ಯಾಕೆ ಬೇಕು ಎಂದು ನಾನು ಬೆಳ್ಳಿಯಪ್ಪನನ್ನು ಕೇಳಿದೆ. ಜಿಂಕೆಗೆ ಎಂದ. ಹಾಗಾದರೆ ನಾನೂ ಜಿಂಕೆ ಹೊಡೆಯುತ್ತೇನೆ ಎಂದೆ. ಈರುಳ್ಳಿ ಹಾಕಿದ ಸಾರನ್ನೇ ಅನುಮಾನದಿಂದ ನೋಡುವ ಮನೆಯಲ್ಲಿ ಹುಟ್ಟಿದವನು ಹೀಗೆ ಹೇಳಿದ್ದಕ್ಕೆ ಬೆಳ್ಳಿಯಪ್ಪ, ಮೊದಲು ಕೋವಿ ಹೇಗಿರುತ್ತದೆಂದು ನೋಡು ಬಾ ಎಂದು ತನ್ನ ಮನೆಗೆ ಕರೆದುಕೊಂಡು ಹೋದ.

ಅವನ ಕೋವಿ ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯೊಳಗಿತ್ತು. ತೋಟಾಗಳಿಗೆ ಬೇರೆ ಬೀಗ. ಕೋವಿ ಕೆಲಸ ಮಾಡಲು ಬೇಕಾದ ಒಂದು ತುಂಡನ್ನು ಬಿಚ್ಚಿ ಮತ್ತೆಲ್ಲೋ ಇಟ್ಟಿದ್ದ. ಕಾನೂನು ಹಾಗಂತೆ. ನಾನು ಮನಸ್ಸಿನಲ್ಲೇ ಪರೀಕ್ಷೆ ಮಾಡಿ ನೋಡಿದೆ. ಕಳ್ಳ ಬರುತ್ತಾನೆ. ಕೂತಿರಪ್ಪ, ಬಂದೆ ಎಂದು ಅವನಿಗೆ ಸೋಫಾ ತೋರಿಸುತ್ತೇನೆ. ಕನ್ನಡಕ ಹುಡುಕುತ್ತೇನೆ. ಬೀಗದ ಕೈ ಎಲ್ಲಿಟ್ಟಿದ್ದೀಯ ಎಂದು ಆಸ್ಪತ್ರೆಗೆ ಫೋನ್ ಮಾಡಿ ಶುಭಾಳನ್ನು ಕೇಳುತ್ತೇನೆ. ಅಷ್ಟರಲ್ಲಿ ಅವನೇ ಬೇಜಾರಾಗಿ ಬೇಳೆ ಡಬ್ಬ ತೆಗೆದಿರುತ್ತಾನೆ. ನಾನು ಈ ಯೋಚನೆಯಲ್ಲಿರುವಾಗ ಬೆಳ್ಳಿಯಪ್ಪ ಖಾಲಿ ಕೋವಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ ನನ್ನ ಎರಡೂ ಕೈಗೆ ಇಟ್ಟ. ಮೈಸೂರಿನವನು, ಆಯುಧಪೂಜೆಯ ದಿನ ಸ್ಕ್ರೂಡ್ರೈವರಿಗೂ ಕುಂಕುಮ ಇಟ್ಟು ಬೆಳೆದವನು. ಅಂಥ ವಸ್ತು ಮೊದಲ ಸಲ ಕೈಗೆ ಬಂದಾಗ ಏನು ಮಾಡಬೇಕೋ ಅದನ್ನೇ ಮಾಡಿದೆ. ಚಪ್ಪಲಿ ಬಿಟ್ಟು, ಭಕ್ತಿಯಿಂದ ಮೇಲೆತ್ತಿ, ನಳಿಗೆಯ ತುದಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ.

ಬೆಳ್ಳಿಯಪ್ಪ ಬೆವತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೋವಿಯ ಬಾಯಿ ಯಾವತ್ತೂ ಮನುಷ್ಯನ ಕಡೆ ತಿರುಗಬಾರದು ಎಂಬುದು ಅವರ ಮೊದಲ ಪಾಠವಂತೆ. ನನ್ನ ಕೈಯಿಂದ ಅದನ್ನು ತೆಗೆದು, ಒಳಗಿಟ್ಟು, ಬೀಗ ಹಾಕಿ, ಬೀಗವನ್ನು ಎಳೆದು ನೋಡಿದ. "ನಾವೂ ಕೋವಿಗೆ ಹೂವು ಇಟ್ಟು ಪೂಜೆ ಮಾಡ್ತೇವೆ ಮಾರಾಯ," ಎಂದ, "ಆದ್ರೆ ದೇವರ ಹಾಗೆ ಅದರ ಮುಖ ನೋಡಿ ನಿಲ್ಲೋದಿಲ್ಲ." ಆಮೇಲೆ ಒಳ್ಳೆಯ ಕಾಫಿ ಕೊಟ್ಟ.

ನಾನು ಬಿಡುವವನಲ್ಲ. ಬೇಟೆಗಾರನಾಗುವ ನನ್ನ ಸಂಕಲ್ಪವನ್ನು ಆ ಸಂಜೆ ಶುಭಾಳಿಗೆ ತಿಳಿಸಿದೆ. ಅವಳು ಡ್ಯೂಟಿ ಮುಗಿಸಿ ಬಂದು ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂತಿದ್ದಳು. ಲೈಸೆನ್ಸ್ ಕೊಡುವ ಮೊದಲು ಮನೆಯವರನ್ನು ಬೇರೆಯಾಗಿ ಕೂರಿಸಿ ಮಾತಾಡಿಸುತ್ತಾರೆ, ಅದು ಗೊತ್ತಾ ಎಂದು ಕೇಳಿದಳು. ಅವಳ ಜೊತೆ ಕೆಲಸ ಮಾಡುವವಳೊಬ್ಬಳನ್ನು ಹಾಗೆ ಮಾತಾಡಿಸಿದ್ದರಂತೆ. ನನಗೆ ಸಮಾಧಾನವಾಯಿತು. ಇಷ್ಟು ವರ್ಷದಲ್ಲಿ ನಾನು ಅವಳ ಮೇಲೆ ದನಿ ಎತ್ತಿಲ್ಲ, ಕುಡಿಯುವುದಿಲ್ಲ, ಸೊಳ್ಳೆಯನ್ನು ಕೂಡ ಕ್ಷಮೆ ಕೇಳಿ ಹೊಡೆಯುತ್ತೇನೆ. ಏನು ಹೇಳುತ್ತೀಯ ಎಂದು ಸ್ವಲ್ಪ ಜಂಬದಿಂದಲೇ ಕೇಳಿದೆ.

"ಒಳ್ಳೆಯವರು ಅಂತೀನಿ. ಕೋಪ ಬರಲ್ಲ ಅಂತೀನಿ," ಎಂದಳು. ಸ್ವಲ್ಪ ಹೊತ್ತು ನೀರಿನಲ್ಲಿ ಕಾಲಾಡಿಸಿದಳು. "ಕೋವಿ ಕೊಡಬಹುದಾ ಅಂತ ಕೇಳಿದ್ರೆ ಬೇಡ ಅಂತೀನಿ ರೀ. ಕೋಪ ಇಳಿಯುತ್ತೆ. ನಿಮ್ಮ ಹೆದರಿಕೆ ಇಳಿದಿದ್ದು ನಾನು ನೋಡಿಲ್ಲ."

ನನಗೆ ಬೇಸರವಾಯಿತು ಎಂದರೆ ಕಡಿಮೆ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ, ಲೈಸೆನ್ಸ್ ಬೇಡದ ಆಯುಧಗಳ ಕಡೆ ಗಮನ ಹರಿಸಿದೆ. ಈಳಿಗೆಮಣೆ ಬಗ್ಗಿ ಎತ್ತುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಲಟ್ಟಣಿಗೆ ಹಿಡಿದರೆ ಕಳ್ಳನಿಗೆ ತನ್ನ ಹೆಂಡತಿಯ ನೆನಪಾಗಬಹುದು. ಕೊನೆಗೆ ಭಾನುವಾರದ ಆಟಕ್ಕೆಂದು ಕೊಂಡು ಒಂದು ದಿನವೂ ಆಡದ ಕ್ರಿಕೆಟ್ ಬ್ಯಾಟನ್ನು ಫ್ರಿಜ್ಜಿನ ಪಕ್ಕ ನಿಲ್ಲಿಸಿದೆ. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಅದನ್ನು ಮುಟ್ಟಿ ನೋಡಿ ಮೀಟಿಂಗಿಗೆ ಕೂರುತ್ತಿದ್ದೆ.

ಅಂಥದೊಂದು ದಿನ ಮಧ್ಯಾಹ್ನ ಜೋರು ಮಳೆ. ತನ್ವಿಗೆ ಶಾಲೆ ಮುಗಿದ ಮೇಲೆ ನೆಟ್‌ಬಾಲ್ ಪ್ರಾಕ್ಟೀಸ್ ಇದೆ, ತಡವಾಗಿ ಬರುತ್ತಾಳೆ ಎಂದು ಗೊತ್ತಿತ್ತು. ಮಳೆಗೆ ಪ್ರಾಕ್ಟೀಸ್ ರದ್ದಾಗಿದೆ ಎಂದಾಗಲಿ, ಅವಳು ಬೀಗದ ಕೈ ಮರೆತು ಹಿತ್ತಿಲಿಗೆ ಸುತ್ತಿಕೊಂಡು ಬಂದಿದ್ದಾಳೆ ಎಂದಾಗಲಿ ಗೊತ್ತಿರಲಿಲ್ಲ. ಮಳೆಗೆ ಬಟ್ಟೆ ಒಳಗೆ ತಂದವನು ಚಿಲಕ ಹಾಕಲು ಮರೆತಿದ್ದ ಗಾಜಿನ ಬಾಗಿಲು ಜಾರಿದ ಸದ್ದು ಕೇಳಿತು. ಯಾರದು ಎಂದು ಕೇಳಬೇಕಿತ್ತು. ಬ್ಯಾಟು ಎತ್ತಿಕೊಂಡು ಫ್ರಿಜ್ಜಿನ ಮರೆಯಲ್ಲಿ ನಿಂತೆ. ಹೆಜ್ಜೆ ಹತ್ತಿರ ಬಂತು. ಒದ್ದೆಯಾದ ಹುಡ್ ತಲೆಗೆ ಎಳೆದುಕೊಂಡ ಯಾರೋ ತಿರುವಿನಲ್ಲಿ ಕಾಣಿಸಿದರು. ನಾನು ಬ್ಯಾಟನ್ನು ತಲೆಯ ಮೇಲಕ್ಕೆ ಎತ್ತಿಬಿಟ್ಟಿದ್ದೆ. ಡ್ಯಾಡ್, ಇಟ್ಸ್ ಮೀ ಎಂಬ ಸಣ್ಣ ದನಿ ಬಂತು. ಕೈ ಇಳಿಸಿದೆ. ಕ್ರಿಕೆಟ್ ಪ್ರಾಕ್ಟೀಸ್ ಮಾಡುತ್ತಿದ್ದೆ ಎಂದೆ. ಅವಳು ತಲೆಯಾಡಿಸಿ, ಒದ್ದೆ ಶೂ ಕೂಡ ಬಿಚ್ಚದೆ ಮಹಡಿ ಹತ್ತಿದಳು. ನಾನು ಹಾಲು ಬಿಸಿ ಮಾಡಿಕೊಂಡು ಹೋಗಿ ಅವಳ ಬಾಗಿಲ ಹೊರಗೆ ಇಟ್ಟು ಬಂದೆ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಆದರೆ ಆ ವಾರದಿಂದಲೇ ಮನೆಯಲ್ಲೊಂದು ಪವಾಡ ನಡೆಯಿತು. ತನ್ವಿ ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶನಿವಾರದ ಕನ್ನಡ ಕ್ಲಾಸಿಗೆ ಹಾಕಿದೆವು, ಅಜ್ಜಿಯ ಜೊತೆ ಮಾತಾಡು ಎಂದು ಗೋಗರೆದೆವು, ಒಂದು ಪದ ಹೊರಡಲಿಲ್ಲ. ಅಂಥವಳು ಈಗ ಶಾಲೆಯಿಂದ ಬರುವಾಗ ರಸ್ತೆಬದಿಯ ಲೆಟರ್‌ಬಾಕ್ಸಿನ ಹತ್ತಿರವೇ ನಿಂತು, ಪಕ್ಕದ ಮನೆಗೂ ಕೇಳುವ ಹಾಗೆ, "ಅಪ್ಪಾ, ನಾನೇ. ಒಳಗೆ ಬರ್ತಾ ಇದೀನಿ" ಎಂದು ಕೂಗುತ್ತಾಳೆ. ಅಚ್ಚ ಕನ್ನಡ. ನನಗೆ ಕಣ್ಣು ತುಂಬಿ ಬಂತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಬೆಳ್ಳಿಯಪ್ಪನಿಗೆ ಹೇಳಿದೆ. ಮಕ್ಕಳ ಮೇಲೆ ಒತ್ತಾಯ ಹೇರಬಾರದು, ಮನೆಯ ವಾತಾವರಣ ಸರಿಯಿದ್ದರೆ ಭಾಷೆ ತಾನಾಗಿ ಬರುತ್ತದೆ ಎಂದು ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಲವರಿಂದ ಚಪ್ಪಾಳೆ ಗಿಟ್ಟಿಸಿದೆ.

ಆ ಚಪ್ಪಾಳೆಗಳನ್ನು ಶುಭಾಳಿಗೆ ತೋರಿಸಿದೆ. ಅವಳು ಫೋನು ನೋಡಲಿಲ್ಲ, ನನ್ನನ್ನೇ ನೋಡಿದಳು. "ಅವಳು ನನ್ನ ಹತ್ರ ಬಂದು ಕೇಳಿದ್ಲು ರೀ," ಎಂದಳು. "ಇಂಗ್ಲಿಷಲ್ಲಿ ಕೂಗಿದ್ರೆ ಅಪ್ಪನಿಗೆ ಯಾರೋ ಅನ್ನಿಸುತ್ತೆ, ಕಳ್ಳರಿಗೆ ಕನ್ನಡ ಬರಲ್ಲ ಅಲ್ವಾ, ಕನ್ನಡದಲ್ಲಿ ಏನು ಹೇಳಿದ್ರೆ ಅಪ್ಪ ಹೊಡೆಯಲ್ಲ ಅಂತ. ನಾನೇ ಹೇಳ್ಕೊಟ್ಟೆ."

ನಾನು ಕುರ್ಚಿ ಹುಡುಕಿಕೊಂಡು ಕೂತೆ. ನಮ್ಮ ಮನೆಯಲ್ಲಿ ಮಗುವನ್ನು ಹೆದರಿಸುವವನೊಬ್ಬ ಇದ್ದಾನೆ ಎಂದು ನಾನು ಅಂದುಕೊಂಡಿದ್ದು ನಿಜವೇ ಆಗಿತ್ತು.

ಮರುದಿನ ಬ್ಯಾಟನ್ನು ಬೆಳ್ಳಿಯಪ್ಪನ ಮನೆಗೆ ಕೊಟ್ಟು ಬಂದೆ. ಇನ್ನು ಮುಂದೆ ಕೂಗಬೇಕಾಗಿಲ್ಲ ಕಂದ ಎಂದು ತನ್ವಿಗೆ ಹೇಳಿದೆ. ಆಯಿತು ಎಂದಳು. ಆದರೂ ಕೂಗುತ್ತಾಳೆ. ದಿನದಿನಕ್ಕೆ ಉಚ್ಚಾರಣೆ ಸುಧಾರಿಸುತ್ತಿದೆ, ನಾನು ಅದನ್ನು ಯಾವ ಗುಂಪಿನಲ್ಲೂ ಬರೆಯುವುದಿಲ್ಲ. ಅವಳ ದನಿ ಕೇಳಿದ ಕೂಡಲೇ ಹೋಗಿ ಬಾಗಿಲು ಪೂರ್ತಿ ತೆರೆದು, ಎರಡೂ ಕೈ ಕಾಣುವಂತೆ ಮುಂದೆ ಚಾಚಿ ನಿಲ್ಲುತ್ತೇನೆ. ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳರು ಹೀಗೇ ನಿಲ್ಲುತ್ತಾರಂತೆ. ಅವಳು ಮೊದಲು ನನ್ನ ಕೈಗಳನ್ನು ನೋಡುತ್ತಾಳೆ, ಆಮೇಲೆ ಒಳಗೆ ಬರುತ್ತಾಳೆ.