ನನಗಿಂತ ಚೆನ್ನಾಗಿ ನನ್ನ ಸಹಿ

ಅಕ್ಷರ ಕಲಿತದ್ದರಿಂದ ನನಗಾದ ನಷ್ಟ ಅಷ್ಟಿಷ್ಟಲ್ಲ. ಹೆಬ್ಬೆಟ್ಟು ಒತ್ತುವವರು ಪುಣ್ಯವಂತರು, ಅವರ ಬೆರಳಿನ ಗುರುತು ಹುಟ್ಟಿದಾಗ ಹೇಗಿತ್ತೋ ಸಾಯುವವರೆಗೂ ಹಾಗೇ ಇರುತ್ತದೆ. ನನ್ನ ಸಹಿ ಬೆಳಿಗ್ಗೆ ಒಂದು ಥರ, ಊಟವಾದ ಮೇಲೆ ಇನ್ನೊಂದು ಥರ. ಹೆಂಡತಿಯ ಜೊತೆ ಜಗಳವಾಡಿ ಬಂದ ದಿನವಂತೂ ಕೊನೆಯ ಅಕ್ಷರವೇ ನಾಪತ್ತೆ.

ಹೊಳಲ್ಕೆರೆಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿತ್ತು. ಎಪ್ಪತ್ತರ ದಶಕದಲ್ಲಿ ನಮ್ಮೂರ ಬ್ಯಾಂಕಿಗೆ ನನ್ನ ಚೆಕ್ಕುಗಳನ್ನು ಹಿಂದಕ್ಕೆ ಕಳಿಸುವುದೇ ಮುಖ್ಯ ಕಸುಬು. ‘ಸಹಿ ಹೊಂದುವುದಿಲ್ಲ’ ಎಂಬ ಚೀಟಿ ಹೊತ್ತು ಬರುತ್ತಿದ್ದವು. ಕಾಗದದ ವ್ಯಾಪಾರಿ ಎಲ್ಲರೆದುರು ಮರ್ಯಾದೆ ತೆಗೆದ ಮೇಲೆ ಗುಮಾಸ್ತ ರುದ್ರೇಶಪ್ಪನನ್ನು ಕರೆದೆ. ಅವನ ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಖಾತೆ ತೆರೆದಾಗ ಕೊಟ್ಟ ಅರ್ಜಿಯ ನಕಲನ್ನು ಮುಂದಿಟ್ಟು, “ಇದನ್ನ ನೋಡ್ಕಂಡು ನೀನೇ ಹಾಕಪ್ಪ” ಎಂದೆ.

“ತಪ್ಪಾಗಲ್ವೇನ್ರಿ ಯಜಮಾನ್ರೇ?”

“ತಪ್ಪಾಗ್ತಿರೋದು ನಾನು ಹಾಕಿದ್ರೇನೆ.”

ಉಳಿದ ಮದುವೆ ಕರೆಯೋಲೆಗಳ ಬೆನ್ನ ಮೇಲೆ ಒಂದು ವಾರ ತಿದ್ದಿಸಿದೆ. ಆಮೇಲೆ ಒಂದು ಚೆಕ್ಕೂ ಹಿಂದಿರುಗಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಹೊಸ ಅಚ್ಚಿನ ಯಂತ್ರಕ್ಕೆಂದು ಆರು ವರ್ಷ ಕೂಡಿಟ್ಟ ಹಣವನ್ನು ರುದ್ರೇಶಪ್ಪ ಒಂದು ದಿನ ಮೂರೇ ಚೆಕ್ಕಿನಲ್ಲಿ ಎತ್ತಿಕೊಂಡು ಊರು ಬಿಟ್ಟ. ಖಾತೆ ಮುಚ್ಚಿಹೋಗದಿರಲೆಂದು ನಲವತ್ತು ರೂಪಾಯಿ ಉಳಿಸಿದ್ದ, ಒಳ್ಳೆಯ ಮನುಷ್ಯ. ಬ್ಯಾಂಕಿಗೆ ಓಡಿದೆ. ಮ್ಯಾನೇಜರು ಮೂರೂ ಚೆಕ್ಕನ್ನು ಮೇಜಿನ ಮೇಲೆ ಹರಡಿ, “ನೋಡ್ರಿ, ನೀವು ಹಾಕಿದ್ದಕ್ಕಿಂತ ಚೆಂದಾಗೈತೆ. ಖೋಟಾ ಅಂದ್ರೆ ಹೆಂಗ್ರಿ ನಂಬಾದು?” ಎಂದರು. ದೂರು ಬರೆದುಕೊಟ್ಟೆ. ಅದರ ಕೆಳಗೆ ನಾನು ಹಾಕಿದ ಸಹಿ ನೋಡಿ, “ಖೋಟಾ ಅಂದ್ರೆ ಇದೇ ಇದ್ದಂಗೈತೆ” ಎಂದರು.

ಬಸ್ಸು ಹತ್ತಿ ಚಿತ್ರದುರ್ಗದ ವಕೀಲರೊಬ್ಬರ ಹತ್ತಿರ ಹೋಗಿ, ಬಾಗಿಲಲ್ಲೇ ನಿಂತು ಯಂತ್ರದ ಹಣ ಹೋದ ಕಥೆ ಹೇಳಿದೆ. “ಕುಂತ್ಕಳ್ರಿ. ಖೋಟಾ ಸಹಿಗೆ ದುಡ್ಡು ಕೊಟ್ರೆ ಬ್ಯಾಂಕೇ ಹೊಣೆ. ನಿಮ್ಮ ಕಡೆಯಿಂದ ತಪ್ಪಿಲ್ಲ ಅಂದ್ರೆ ಪೈಸೆ ಸಮೇತ ಕಕ್ಕಿಸ್ತೀನಿ” ಎಂದರು. ನನಗೆ ಕಣ್ಣಲ್ಲಿ ನೀರೇ ಬಂತು. ಯಂತ್ರವನ್ನು ಯಾವ ಮೂಲೆಯಲ್ಲಿ ನಿಲ್ಲಿಸುವುದೆಂದು ಯೋಚಿಸತೊಡಗಿದ್ದೆ. ಅಷ್ಟರಲ್ಲಿ ಅವರು ನಾನು ಬ್ಯಾಂಕಿನಿಂದ ತಂದಿದ್ದ ಚೆಕ್ಕಿನ ಫೋಟೋ ನಕಲು ನೋಡುತ್ತ, “ಅಲ್ರಿ, ಇಷ್ಟು ತದ್ರೂಪು ಅವನಿಗೆ ಯಾರು ಕಲಿಸಿದ್ರು?” ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಪಾಠ ಹೇಳಿದವನ ಹೆಮ್ಮೆ ಬಿಡಲಿಲ್ಲ.

“ನಾನೇ ರೀ. ಒಂದೇ ವಾರಕ್ಕೆ ಕಲ್ತ.”

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. “ಹಂಗಾದ್ರೆ ಆ ಯಂತ್ರ ಮರ್ತುಬಿಡ್ರಿ.”

ಅವರ ಫೀಸಿಗೆಂದು ನಾನು ಚೆಕ್ಕಿನ ಪುಸ್ತಕ ತೆಗೆದೆ. ಅವರು ಕೈ ಅಡ್ಡ ಹಿಡಿದು, “ಬ್ಯಾಡ್ರಿ, ನೀವು ಹಾಕಿದ್ರೆ ಪಾಸಾಗಲ್ಲ. ನಗದೇ ಕೊಡ್ರಿ” ಎಂದರು.